ಕೈ ತೊಳೆಯುವಷ್ಟು ಹೊತ್ತು

ಉಡುಪಿ ಕಡೆಯ ಒಂದು ಮನೆ, ಮಳೆಗಾಲದ ಸಂಜೆ. ಹಿರಿಯರು ಕನ್ನಡ ಮಾಷ್ಟ್ರಾಗಿ ನಿವೃತ್ತರಾದವರು, ಬಾಸೆಲ್ ಮಿಷನ್ ಕಾಲದ ಕುಟುಂಬದವರು, ಈಗ ಸಭೆಯ ಕಮಿಟಿಯಲ್ಲಿ ಖಜಾಂಚಿ. ಕಿರಿಯಳು ಅವರ ತಮ್ಮನ ಮಗಳು. ಬೆಂಗಳೂರಿನ ದೊಡ್ಡದೊಂದು ಆಸ್ಪತ್ರೆಯ ಐಸಿಯುವಿನಲ್ಲಿ ನರ್ಸ್, ರಜೆಯ ಮೇಲೆ ಬಂದಿದ್ದಾಳೆ. ಹೀಗೊಂದು ಮಾತು ನಡೆಯಬಹುದಾದ ಮನೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಸಾಮಾನ್ಯವಾಗಿ ಅದು ಹಿರಿಯರ ಪ್ರಶ್ನೆಯಿಂದ ಶುರುವಾಗಿ ಕಿರಿಯರ "ಹ್ಞಾಂ, ಆಯ್ತು"ವಿನಲ್ಲಿ ಮುಗಿದುಹೋಗುತ್ತದೆ. ಈ ಮನೆಯಲ್ಲಿ ಹಾಗೆ ಮುಗಿಯಲಿಲ್ಲ.

ಹಿರಿಯರು: ಬೆಳಗ್ಗೆ ಪ್ರಾರ್ಥನೆಗೆ ಕರೆದರೆ ನೀನು ಏಳಲೇ ಇಲ್ಲ. ನಿನ್ನ ದೊಡ್ಡಮ್ಮ "ಮಲಗಲಿ ಬಿಡಿ" ಅಂದಳು, ಬಿಟ್ಟೆ. ಆದರೆ ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಬೆಂಗಳೂರಿನಲ್ಲಾದರೂ ಮಾಡ್ತೀಯಾ?

ಕಿರಿಯಳು: ಯಾವುದನ್ನು ದೊಡ್ಡಪ್ಪ? ಏಳುವುದನ್ನೋ, ಪ್ರಾರ್ಥನೆಯನ್ನೋ?

ಹಿರಿಯರು: ಎರಡನ್ನೂ.

ಕಿರಿಯಳು: ನೈಟ್ ಡ್ಯೂಟಿ ಇದ್ದರೆ ಐದು ಗಂಟೆಗೆ ಎದ್ದೇ ಇರ್ತೇನೆ. ಆ ಹೊತ್ತಿಗೆ ರಕ್ತದ ಸ್ಯಾಂಪಲ್ ತೆಗೀಬೇಕು, ಮೂತ್ರದ ಅಳತೆ ಬರೀಬೇಕು, ಎಚ್ಚರವಿಲ್ಲದವರ ಮೈ ಒರೆಸಿ ಮಗ್ಗುಲು ಬದಲಾಯಿಸಬೇಕು. ಎಂಟಕ್ಕೆ ಹ್ಯಾಂಡೋವರ್. ಪೀಜಿಗೆ ಬಂದು ಬಿದ್ದರೆ ಕಣ್ಣು ಬಿಡುವುದು ಮಧ್ಯಾಹ್ನ. ಸತ್ಯವೇದ ಮೊಬೈಲಿನಲ್ಲಿ ಉಂಟು. ತೆರೆದು ತಿಂಗಳುಗಳಾದವು.

ಹಿರಿಯರು: ಇಷ್ಟು ಸಲೀಸಾಗಿ ಹೇಳ್ತೀಯಲ್ಲ.

ಕಿರಿಯಳು: ಸಲೀಸಲ್ಲ. ಸುಳ್ಳು ಹೇಳಿ ಸಾಕಾಗಿದೆ. ಅಮ್ಮ ಫೋನಿನಲ್ಲಿ ಕೇಳಿದಾಗೆಲ್ಲ ಓದಿದೆ ಅಂತಿದ್ದೆ. ಯಾವ ಅಧ್ಯಾಯ ಅಂತ ಕೇಳಿದರೆ ಕೀರ್ತನೆ ಅಂತಿದ್ದೆ. ನೂರೈವತ್ತು ಉಂಟಲ್ಲ, ಸಿಕ್ಕಿಬೀಳುವುದಿಲ್ಲ.

ಹಿರಿಯರು: (ನಗುತ್ತಾ) ಅಷ್ಟಾದರೂ ಗೊತ್ತುಂಟು. ನೋಡು ಮಗಾ, ನನ್ನ ಲೆಕ್ಕ ಸರಳ. ಯೋಹಾನನ ಸುವಾರ್ತೆ, ಹದಿನೈದನೇ ಅಧ್ಯಾಯ. ಕೊಂಬೆ ದ್ರಾಕ್ಷಿಬಳ್ಳಿಯಲ್ಲಿ ಉಳಿದರೆ ಹಣ್ಣು, ಬಿಟ್ಟರೆ ಸೌದೆ. ಒಣಗಲಿಕ್ಕೆ ಕೊಂಬೆ ಏನೂ ಪಾಪ ಮಾಡಬೇಕಾಗಿಲ್ಲ, ಬೇರೆಯಾದರೆ ಸಾಕು. ನೀನು ಕೆಟ್ಟುಹೋಗ್ತೀ ಅಂತ ನನಗೆ ಹೆದರಿಕೆ ಇಲ್ಲ. ಒಣಗ್ತೀ ಅಂತ ಹೆದರಿಕೆ.

ಕಿರಿಯಳು: ಕೊಂಬೆ ದಿನಾ ಐದು ಗಂಟೆಗೆ ಎದ್ದು ಬಳ್ಳಿಗೆ ಅಂಟಿಕೊಳ್ತದಾ? ಅದು ಮಲಗಿದ್ದಾಗಲೂ ಅಲ್ಲೇ ಇರ್ತದೆ. ಆ ಅಧ್ಯಾಯದಲ್ಲಿ ಗಂಟೆಯ ಮಾತೇ ಇಲ್ಲ ದೊಡ್ಡಪ್ಪ. ಬಳ್ಳಿಯ ಮಾತು ಮುಗಿದ ಕೂಡಲೇ ಬರುವುದು ಒಬ್ಬರನ್ನೊಬ್ಬರು ಪ್ರೀತಿಸುವ ಮಾತು, ಸ್ನೇಹಿತರಿಗೆ ಪ್ರಾಣ ಕೊಡುವ ಮಾತು.

ಹಿರಿಯರು: ಗಂಟೆಯ ಮಾತು ಬೇಕಾದರೆ ಮಾರ್ಕನಲ್ಲಿ ಉಂಟು. ಮೊದಲನೇ ಅಧ್ಯಾಯ. ಬೆಳಕು ಹರಿಯುವ ಎಷ್ಟೋ ಮುಂಚೆ ಯೇಸು ಎದ್ದು, ಜನರಿಲ್ಲದ ಕಡೆಗೆ ಒಬ್ಬನೇ ಹೋಗಿ ಪ್ರಾರ್ಥನೆ ಮಾಡಿದ. ದೇವಕುಮಾರನಿಗೇ ಬೇಕಾಗಿತ್ತು. ನಿನಗೆ ಬೇಡವಾ?

ಕಿರಿಯಳು: ಅದರ ಹಿಂದಿನ ಸಂಜೆಯದ್ದು ಓದಿ. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಕರಕೊಂಡು ಬಂದು ಬಾಗಿಲಲ್ಲಿ ನಿಂತಿತ್ತು. ಅದು ಕ್ಯಾಶುವಾಲ್ಟಿಯಲ್ಲದೆ ಮತ್ತೆಂತದು? ಬೆಳಗ್ಗೆ ಪ್ರಾರ್ಥನೆಗೆ ಅಂತ ಹೋದರೆ ಸೀಮೋನ ಅಲ್ಲಿಗೂ ಹುಡುಕಿಕೊಂಡು ಬಂದ. "ಇರು, ಪ್ರಾರ್ಥನೆ ಮುಗಿಸಿ ಬರ್ತೇನೆ" ಅಂತ ಯೇಸು ಹೇಳಿದ್ದು ಎಲ್ಲೂ ಇಲ್ಲ. ಎದ್ದು ಪಕ್ಕದ ಊರಿಗೆ ಹೊರಟ.

ಹಿರಿಯರು: ಆದರೆ ಹೋಗಿದ್ದ. ಅಷ್ಟು ಜನ ಬಾಗಿಲಲ್ಲಿ ನಿಂತ ರಾತ್ರಿ ಕಳೆದು, ಮಲಗಿ ನಿದ್ದೆ ಮಾಡಬಹುದಾಗಿದ್ದ ಬೆಳಗಿನಲ್ಲಿ ಹೋಗಿದ್ದ. ನೀನು ಅದನ್ನು ಹಾರಿಸಿ ಓದ್ತಿದ್ದೀ.

(ಇಲ್ಲಿ ಹಿರಿಯರದ್ದೇ ಸರಿ ಎಂದು ನನಗನಿಸುತ್ತದೆ. ಕೆಲಸದ ಹೆಸರಿನಲ್ಲಿ ಮೌನವನ್ನು ಬಿಟ್ಟವರು ಆ ವಚನದ ಮುಂದೆ ಸ್ವಲ್ಪ ನಿಲ್ಲಬೇಕು. ಆದರೆ ಹಿರಿಯರು ಅಲ್ಲಿಗೇ ನಿಲ್ಲಿಸಲಿಲ್ಲ. ಮಾಷ್ಟ್ರುಗಳ ಅಭ್ಯಾಸ, ಗೆದ್ದ ಪಾಠವನ್ನೂ ಮುಂದುವರಿಸುತ್ತಾರೆ.)

ಹಿರಿಯರು: ನಮ್ಮ ಅಜ್ಜನ ಅಪ್ಪ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದವರು. 1865ರಲ್ಲಿ ಮಂಗಳೂರಿನಲ್ಲಿ ಶುರುವಾದದ್ದು. ಮಣ್ಣಿಗೆ ಕೈ ಹಾಕುವ ಮುಂಚೆ ಎಲ್ಲರೂ ನಿಂತು ಪ್ರಾರ್ಥನೆ ಮಾಡ್ತಿದ್ದರಂತೆ. ದಣಿವಿನ ಮಾತು ನೀನು ಹೇಳ್ತೀಯಲ್ಲ, ಅವರಿಗೆ ದಣಿವಿರಲಿಲ್ಲವಾ?

ಕಿರಿಯಳು: ಪ್ರಾರ್ಥನೆಗೆ ಹೊಡೆದ ಗಂಟೆಯೇ ಕೂಲಿಯ ಲೆಕ್ಕಕ್ಕೂ ಹೊಡೀತಿತ್ತು ದೊಡ್ಡಪ್ಪ. ಪ್ರಾರ್ಥನೆ ಬೇಡ ಅಂತ ಯಾರಾದರೂ ಹೇಳಬಹುದಿತ್ತಾ?

ಹಿರಿಯರು: ಅವರೆಲ್ಲ ಯಾರು ಅಂತ ಮಾಡಿದ್ದೀ? ಕ್ರೈಸ್ತರಾದದ್ದಕ್ಕೆ ಮನೆಯವರು ಹೊರಗೆ ಹಾಕಿದವರು, ಕುಲಕಸುಬು ಕೈಬಿಟ್ಟುಹೋದವರು. ಅಂಥವರಿಗೆ ಹೊಟ್ಟೆಗೊಂದು ದಾರಿ ಬೇಕಿತ್ತು ಅಂತಲೇ ಮಿಷನ್ನು ನೇಯ್ಗೆ, ಹಂಚು ಅಂತ ಕೈ ಹಾಕಿದ್ದು. ಬಲವಂತ ಸ್ವಲ್ಪ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬೆಳಗ್ಗೆ ಒಟ್ಟಿಗೆ ನಿಲ್ಲಲಿಕ್ಕೆ ಹತ್ತು ಜನ ಇದ್ದಾರೆ ಅನ್ನುವುದೇ ಅವರಿಗೆ ದೊಡ್ಡದಿತ್ತು. ನಿನಗೆ ಅಲ್ಲಿ ಯಾರಿದ್ದಾರೆ?

ಕಿರಿಯಳು: ಯಾರೂ ಇಲ್ಲ. ಅದು ನಿಜ. ಭಾನುವಾರ ರಜೆ ಸಿಗುವುದೇ ಅಪರೂಪ. ಕರ್ತನ ಭೋಜನಕ್ಕೆ ಹೋಗದೆ ಎಷ್ಟೋ ಆಯ್ತು. ದಿನಾ ಬೆಳಗ್ಗೆ ಬರುವುದು ನಿಮ್ಮ ವಾಟ್ಸಾಪ್ ವಾಕ್ಯ ಒಂದೇ, ಗುಲಾಬಿ ಹೂವಿನ ಮೇಲೆ.

ಹಿರಿಯರು: ಅದನ್ನು ತಮಾಷೆ ಮಾಡಬೇಡ. ಅದಕ್ಕೆ ಮುನ್ನೂರು ವರ್ಷದ ಹತ್ತಿರ ಇತಿಹಾಸ ಉಂಟು. ಜರ್ಮನಿಯಲ್ಲಿ ಹೆರ್ನ್‌ಹೂಟ್ ಅಂತ ಒಂದು ಹಳ್ಳಿ. ಮೊರಾವಿಯದಿಂದ ತಪ್ಪಿಸಿಕೊಂಡು ಬಂದವರಿಗೆ ಝಿಂಝೆನ್‌ಡಾರ್ಫ್ ಎಂಬ ಜಮೀನುದಾರ ತನ್ನ ನೆಲದಲ್ಲಿ ಜಾಗ ಕೊಟ್ಟಿದ್ದ. 1728ರಲ್ಲಿ ಅವರಿಗೆ ದಿನಕ್ಕೊಂದು ವಾಕ್ಯ ಕೊಡುವ ಪದ್ಧತಿ ಶುರುವಾಯ್ತು. 1731ರಿಂದ ಅದು ಪುಸ್ತಕವಾಗಿ ಬರ್ತಾ ಉಂಟು, ಇವತ್ತಿಗೂ. ಚೀಟಿ ಎತ್ತಿ ವಾಕ್ಯ ಆರಿಸ್ತಾರೆ. ನಮ್ಮ ಬಾಸೆಲಿನವರೂ ಆ ಭಕ್ತಿಯ ಸೆರಗಿನಲ್ಲೇ ಬೆಳೆದವರು.

ಕಿರಿಯಳು: ಆ ಹಳ್ಳಿಯಲ್ಲಿ ವಾಕ್ಯ ತಲುಪಿಸ್ತಿದ್ದದ್ದು ಹೇಗೆ?

ಹಿರಿಯರು: ಮನೆಮನೆಗೆ ಹೋಗಿ ಹೇಳ್ತಿದ್ದರು.

ಕಿರಿಯಳು: ಅದೇ ನೋಡಿ. ಬಾಗಿಲು ತಟ್ಟಿದವನಿಗೆ ಒಳಗೆ ಯಾರಿಗೆ ಜ್ವರ, ಯಾರ ಒಲೆ ಹೊತ್ತಿಲ್ಲ ಅಂತ ಕಾಣ್ತಿತ್ತು. ನಿಮಗೆ ಕಾಣುವುದು ನೀಲಿ ಗೆರೆ ಬಂತಾ ಇಲ್ವಾ ಅಂತ. ಇನ್ನೊಂದು ಕೇಳ್ತೇನೆ, ನೀವೂ ಬೇಜಾರು ಮಾಡ್ಬೇಡಿ. ನಮ್ಮ ಸಭೆಯ ಆ ಅಜ್ಜ, ಮೊದಲು ಹಂಚಿನ ಕಾರ್ಖಾನೆಯಲ್ಲಿ ಇದ್ದವರು, ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದಾರಲ್ಲ. ನಿನ್ನೆ ರಾತ್ರಿಯ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿದಿರಿ. ಎಷ್ಟು ಸಮಯದಿಂದ ಹೇಳ್ತಿದ್ದೀರಿ?

ಹಿರಿಯರು: ಬಿದ್ದಂದಿನಿಂದ. ಒಂದು ದಿನ ತಪ್ಪಿಸಲಿಲ್ಲ.

ಕಿರಿಯಳು: ಹೋಗಿ ನೋಡಿದ್ದೀರಾ?

ಹಿರಿಯರು: ಸಭೆಯ ಅಯ್ಯನವರು ಹೋಗ್ತಾರೆ.

ಕಿರಿಯಳು: ಅಯ್ಯನವರ ವಿಷಯ ಕೇಳಲಿಲ್ಲ.

ಹಿರಿಯರು: ಹೋಗಲಿಲ್ಲ. ನಿನಗೆ ಗೊತ್ತುಂಟು, ಆಸ್ಪತ್ರೆಯ ವಾಸನೆ ನನಗೆ ಆಗುವುದಿಲ್ಲ. ಹೋದರೂ ಎಂತ ಮಾತಾಡುವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಪ್ರಾರ್ಥನೆ ಸುಳ್ಳಾಗ್ತದಾ?

ಕಿರಿಯಳು: ಸುಳ್ಳು ಅನ್ನಲಿಲ್ಲ. ಆದರೆ ಕ್ರಿಸ್ತನಿಗೆ ಹತ್ತಿರ, ಆ ಅಜ್ಜನಿಗೆ ದೂರ, ಎರಡೂ ಒಟ್ಟಿಗೆ ಹೇಗೆ ಆಗ್ತದೆ ಅಂತ ನನಗೆ ಗೊತ್ತಾಗುವುದಿಲ್ಲ. ಮತ್ತಾಯನ ಇಪ್ಪತ್ತೈದನೇ ಅಧ್ಯಾಯದಲ್ಲಿ ಕೊನೆಯ ದಿನದ ಪ್ರಶ್ನೆಗಳಲ್ಲಿ ಎಷ್ಟು ಹೊತ್ತಿಗೆ ಎದ್ದೆ ಅನ್ನುವುದಿಲ್ಲ. ರೋಗದಲ್ಲಿದ್ದವನನ್ನು ನೋಡಲಿಕ್ಕೆ ಬಂದೆಯಾ ಅನ್ನುವುದುಂಟು.

ಹಿರಿಯರು: ಸರಿ, ಆ ಅಧ್ಯಾಯಕ್ಕೇ ಬಾ. ನೀನು ದಿನಾ ರೋಗಿಗಳ ಹತ್ತಿರ ಇರ್ತೀ. ಅವರಲ್ಲಿ ಕ್ರಿಸ್ತನನ್ನು ಕಾಣ್ತೀಯಾ?

ಕಿರಿಯಳು: ಇಲ್ಲ.

ಹಿರಿಯರು: ಇಲ್ವಾ?

ಕಿರಿಯಳು: ಕಾಣುವುದು ಕಫ, ಹಾಸಿಗೆ ಹುಣ್ಣು, ಮಾನಿಟರಿನ ಗೆರೆ. ನರ್ಸಿಂಗ್ ಶಾಲೆಯಲ್ಲಿ ಎಲ್ಲರೂ ಹೇಳ್ತಿದ್ದರು, ರೋಗಿಯಲ್ಲಿ ಕ್ರಿಸ್ತನನ್ನು ಕಾಣಬೇಕು ಅಂತ. ವಾರ್ಷಿಕೋತ್ಸವದ ಭಾಷಣಕ್ಕೆ ಚೆಂದ. ಆದರೆ ರೋಗಿಗೆ ಬೇಕಾದದ್ದು ನಾನು ಅವನನ್ನೇ ಕಾಣುವುದು, ಅವನ ಹಿಂದೆ ಇನ್ನೊಬ್ಬರನ್ನಲ್ಲ. ಮತ್ತಾಯನಲ್ಲಿ ಆ ನೀತಿವಂತರಿಗೂ ಗೊತ್ತಿರಲಿಲ್ಲವಲ್ಲ! ನಿನ್ನನ್ನು ನಾವು ಯಾವಾಗ ನೋಡಿದೆವು ಅಂತ ಅವರೇ ಆಶ್ಚರ್ಯಪಡ್ತಾರೆ. ಗೊತ್ತಿಲ್ಲದೆ ಮಾಡಿದ್ದೇ ಲೆಕ್ಕಕ್ಕೆ ಬಂತು.

ಹಿರಿಯರು: ಹಾಗಾದರೆ ಹತ್ತಿರ ಇದ್ದೇನೆ ಅಂತ ನಿನಗೆ ಗೊತ್ತಾಗುವುದೇ ಬೇಡವಾ? ಪ್ರಾರ್ಥನೆಯೇ ಇಲ್ಲವಾ ನಿನ್ನ ದಿನದಲ್ಲಿ?

ಕಿರಿಯಳು: ಒಂದುಂಟು. ಹೇಳಿದರೆ ನಗಾಡ್ತೀರಿ. ಒಬ್ಬ ರೋಗಿಯಿಂದ ಇನ್ನೊಬ್ಬನ ಹತ್ತಿರ ಹೋಗುವ ಮುಂಚೆ ಪ್ರತಿ ಸಲ ಕೈಗೆ ರಬ್ ಹಚ್ಚಿ ಉಜ್ಜಬೇಕು. ಇಪ್ಪತ್ತರಿಂದ ಮೂವತ್ತು ಸೆಕೆಂಡು. ಸೋಪು, ನೀರು ಆದರೆ ನಲವತ್ತರಿಂದ ಅರವತ್ತು. ಅಂಗೈ, ಬೆರಳ ಸಂದು, ಹೆಬ್ಬೆರಳು, ಉಗುರು ಅಂತ ಕ್ರಮ ಉಂಟು. ಮೊದಲು ಸೆಕೆಂಡು ಎಣಿಸ್ತಿದ್ದೆ. ಈಗ ಎಣಿಸುವ ಬದಲು ಮುಂದಿನ ಹಾಸಿಗೆಯವರ ಹೆಸರು ಹೇಳಿ, ಕರ್ತನೇ, ಇವರನ್ನು ನೋಡಿಕೋ ಅಂತೇನೆ. ಅಷ್ಟೇ. ಒಂದು ಪಾಳಿಯಲ್ಲಿ ಎಷ್ಟು ಸಲ ಆಗ್ತದೋ, ಲೆಕ್ಕ ಇಟ್ಟಿಲ್ಲ.

ಹಿರಿಯರು: ನಗಾಡುವುದಿಲ್ಲ. ನಗಾಡುವಂಥದ್ದಲ್ಲ ಅದು.

ಕಿರಿಯಳು: ಆದರೆ?

ಹಿರಿಯರು: ಆದರೆ ಉಂಟು, ಹೌದು. ಅದೆಲ್ಲ ನೀನು ಹೇಳುವುದು. ಅವನು ಹೇಳುವುದು ಯಾವಾಗ? ಇಪ್ಪತ್ತು ಸೆಕೆಂಡಿನಲ್ಲಿ ಬೇಡಬಹುದು, ಕೇಳಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಮಾರ್ಥಳ ಮನೆಯಲ್ಲಿ ಆದದ್ದೂ ಅದೇ. ಅವಳು ಅಡುಗೆ ಮಾಡಿದ್ದು ತಪ್ಪಲ್ಲ. ಮನೆಗೆ ಬಂದವನು ಮಾತಾಡ್ತಿದ್ದಾನೆ, ಇವಳಿಗೆ ಪಾತ್ರೆಯ ಸದ್ದು ಮಾತ್ರ ಕೇಳ್ತದೆ.

ಕಿರಿಯಳು: ಮಾರ್ಥಳನ್ನು ಯಾವಾಗಲೂ ಲೂಕನ ಅಡುಗೆಮನೆಯಲ್ಲೇ ಬಿಟ್ಟುಬರ್ತೀರಿ. ಯೋಹಾನನ ಹನ್ನೊಂದನೇ ಅಧ್ಯಾಯದಲ್ಲಿ ತಮ್ಮ ಲಾಜರ ಸತ್ತಾಗ ಎದ್ದು ದಾರಿಗೆ ಹೋದವಳು ಮಾರ್ಥ. ಮರಿಯ ಮನೆಯಲ್ಲೇ ಕೂತಿದ್ದಳು. ನೀನೇ ಕ್ರಿಸ್ತ, ದೇವರ ಮಗ ಅಂತ ಬಾಯಿಬಿಟ್ಟು ಒಪ್ಪಿಕೊಂಡದ್ದೂ ಮಾರ್ಥಳೇ. ಪಾತ್ರೆಯ ಸದ್ದಿನ ನಡುವೆಯೂ ಏನೋ ಕೇಳಿಸಿರಬೇಕು.

ಹಿರಿಯರು: (ಸ್ವಲ್ಪ ತಡೆದು) ಇದನ್ನು ನಾನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ನೆರೆಮನೆಯಾಕೆ ಬಂದರು. ಮಂಗಳೂರಿನ ಕಥೋಲಿಕರು, ಮನೆಮಾತು ಕೊಂಕಣಿ, ಗಂಡ ತೀರಿಕೊಂಡಿದ್ದಾರೆ, ಮಕ್ಕಳು ಗಲ್ಫಿನಲ್ಲಿ. ಕೈಯಲ್ಲಿ ಪತ್ರೊಡೆಯ ಪಾತ್ರೆ. ಮಾತಿನ ಬಾಲ ಹಿಡಿದು ಅವರೂ ಜಗಲಿಯಲ್ಲಿ ಕೂತರು. ಇಂಥ ಚರ್ಚೆಗಳಲ್ಲಿ ಮೂರನೆಯವರು ಬಂದರೆ ಸಾಮಾನ್ಯವಾಗಿ ಮಾತು ಹವೆಯ ಕಡೆಗೆ ತಿರುಗುತ್ತದೆ. ಈಕೆ ಹಾಗೆ ಮಾಡಲಿಲ್ಲ.

ನೆರೆಯಾಕೆ: ನಿಮ್ಮದು ದೊಡ್ಡ ದೊಡ್ಡ ಮಾತು ಮಾಷ್ಟ್ರೇ. ನನಗೆ ಅಧ್ಯಾಯ ನಂಬ್ರ ಎಲ್ಲ ಗೊತ್ತಿಲ್ಲ. ನಮ್ಮದು ಸಂಜೆ ತೇರ್ಸ್, ಜಪಮಾಲೆಯ ಪ್ರಾರ್ಥನೆ. ಐವತ್ತು ನಮಾನ್ ಮರಿಯೆ. ಕೈ ಮಣಿ ಎಣಿಸ್ತದೆ, ಬಾಯಿ ಹೇಳ್ತದೆ, ಮನಸ್ಸು ಮೀನಿನ ಸಾರಿನಲ್ಲಿರ್ತದೆ. ಎಷ್ಟೋ ದಿನ ಎಂತದೂ ಅನಿಸುವುದಿಲ್ಲ.

ಕಿರಿಯಳು: ಮತ್ತೆ ಯಾಕೆ ಆಂಟಿ? ಎಂತದೂ ಅನಿಸದ ಪ್ರಾರ್ಥನೆಯನ್ನು ಗಿಳಿಯೂ ಹೇಳ್ತದೆ.

ನೆರೆಯಾಕೆ: ಹೇಳಲಿ ಗಿಳಿ. ನಮ್ಮವರು ತೀರಿಕೊಂಡ ರಾತ್ರಿ ನನಗೆ ಒಂದು ಸ್ವಂತ ಮಾತು ಬರಲಿಲ್ಲ ಮಗಾ. ದೇವರೇ ಅಂತ ಕರೆಯಲಿಕ್ಕೂ ಬರಲಿಲ್ಲ, ಅಷ್ಟು ಸಿಟ್ಟಿತ್ತು. ಆದರೆ ಬಾಯಿ ತನ್ನಷ್ಟಕ್ಕೇ ನಮಾನ್ ಮರಿಯೆ ಹೇಳ್ತಿತ್ತು. ನಲವತ್ತು ವರ್ಷ ಮನಸ್ಸಿಲ್ಲದೆ ಹೇಳಿದ್ದು ಆವತ್ತು ನನ್ನನ್ನು ಹಿಡಿದುಕೊಂಡಿತು. ಅನಿಸಿದಾಗ ಮಾತ್ರ ಹೇಳುವವಳಾಗಿದ್ದರೆ ಆವತ್ತು ನನ್ನ ಹತ್ತಿರ ಎಂತದೂ ಇರ್ತಿರಲಿಲ್ಲ. ನಮ್ಮ ಹಿರಿಯರೂ ಹಾಗೇ ಹೇಳ್ತಿದ್ದರು. 1784ರಲ್ಲಿ ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದು 1799ರವರೆಗೆ ಇಟ್ಟಿದ್ದರಲ್ಲ, ಪಾದ್ರಿ ಇಲ್ಲ, ಇಗರ್ಜಿ ಇಲ್ಲ, ಬಾಯಲ್ಲಿ ಉಳಿದದ್ದೇ ಉಳಿದದ್ದು ಅಂತ.

ಹಿರಿಯರು: ಇದನ್ನೇ ನಾನು ಹೇಳ್ತಿರುವುದು ಬಾಯಿ! ಅನಿಸಿಕೆಯ ಮೇಲೆ ನಿಂತರೆ ನಿಲ್ಲುವುದಿಲ್ಲ ಅಂತ.

ನೆರೆಯಾಕೆ: ಇರಿ ಮಾಷ್ಟ್ರೇ, ನಿಮ್ಮ ಪಕ್ಷಕ್ಕೆ ಸೇರಲಿಕ್ಕೆ ಬಂದದ್ದಲ್ಲ. ಮದರ್ ತೆರೇಸಾ ತೀರಿಕೊಂಡ ಮೇಲೆ ಅವರ ಕಾಗದಗಳು 2007ರಲ್ಲಿ ಪುಸ್ತಕವಾಗಿ ಬಂದವು. ದೇವರು ಹತ್ತಿರ ಇದ್ದಾನೆ ಅಂತ ಅವರಿಗೆ ಹತ್ತಿರ ಹತ್ತಿರ ಐವತ್ತು ವರ್ಷ ಅನಿಸಲೇ ಇಲ್ಲವಂತೆ. ದಿನಾ ಬೆಳಗ್ಗೆ ಪೂಜೆ, ಪ್ರಾರ್ಥನೆ, ಎಲ್ಲ ಇತ್ತು. ಗಂಟೆಗೆ ಸರಿಯಾಗಿ ಎದ್ದರೂ ಒಣಗಬಹುದು ಅಂತ ಆಯ್ತಲ್ಲ?

ಕಿರಿಯಳು: ಆದರೆ ಹಣ್ಣು ಬಿಡ್ತಾ ಇತ್ತು. ಹಾಗಾದರೆ ಒಣಗಿದ್ದು ಅಂತ ಹೇಗೆ ಹೇಳುವುದು?

ಹಿರಿಯರು: ಹೇಳಲಿಕ್ಕಾಗುವುದಿಲ್ಲ. ಅದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿಲ್ಲ. ನಾನು ಹೆದರಿಕೆ ಅಂದದ್ದು ಅನಿಸಿಕೆಯ ಒಣಗುವಿಕೆಗಲ್ಲ, ಮರೆವಿಗೆ. ಆ ತಾಯಿ ಅವನು ಕಾಣದಿದ್ದರೂ ಅವನನ್ನು ಹುಡುಕುವುದು ಬಿಡಲಿಲ್ಲ. ಕಾಗದ ಬರೆದದ್ದೇ ಅದಕ್ಕೆ. ನಮ್ಮಂಥವರಿಗೆ ಆಗುವುದು ಬೇರೆ. ಹುಡುಕುವುದನ್ನು ಯಾವತ್ತು ಬಿಟ್ಟೆವು ಅಂತಲೇ ಗೊತ್ತಿರುವುದಿಲ್ಲ.

ನೆರೆಯಾಕೆ: ಅದಕ್ಕೆ ನಮ್ಮ ಜೆಸ್ವಿತ್ ಪಾದ್ರಿಗಳು ಒಂದು ಹೇಳಿಕೊಡ್ತಾರೆ. ಸಂತ ಇಗ್ನಾಸಿಯವರದ್ದು, 1548ರಲ್ಲಿ ಅವರ ಪುಸ್ತಕ ಅಚ್ಚಾದದ್ದು. ಮಲಗುವ ಮುಂಚೆ ಐದು ಹತ್ತು ನಿಮಿಷ ಇಡೀ ದಿನವನ್ನು ಹಿಂದೆ ತಿರುಗಿ ನೋಡುವುದು. ಮೊದಲು ಕೃತಜ್ಞತೆ. ಆಮೇಲೆ ಎಲ್ಲಿ ಅವನ ಜೊತೆಗಿದ್ದೆ, ಎಲ್ಲಿ ಬಿಟ್ಟು ಹೋದೆ ಅಂತ. ಬೇರೆಲ್ಲ ಪ್ರಾರ್ಥನೆ ತಪ್ಪಿದರೂ ಇದು ತಪ್ಪಬಾರದು ಅಂತಾರೆ. ನಿನ್ನ ದಿನ ಬೆಳಗ್ಗೆ ಎಂಟಕ್ಕೆ ಮುಗೀತದಾ, ಎಂಟಕ್ಕೇ ಮಾಡು. ನನ್ನ ತೇರ್ಸಿನ ಹೊತ್ತಾಯ್ತು, ಮಗ ದುಬೈಯಿಂದ ವಿಡಿಯೋ ಕಾಲಿನಲ್ಲಿ ಕೂತ್ಕೊಳ್ತಾನೆ. ಅವನೂ ಫೋನು ಹಿಡಿದುಕೊಂಡು ಇನ್ನೆಂತದೋ ನೋಡ್ತಿರ್ತಾನೆ, ನನಗೆ ಗೊತ್ತಾಗ್ತದೆ. ಪಾತ್ರೆ ನಾಳೆ ಕೊಟ್ಟರೆ ಸಾಕು.

ಅವರು ಹೋದ ಮೇಲೆ ಇಬ್ಬರೂ ಪತ್ರೊಡೆ ತಿಂದರು. ಹಿರಿಯರು ಒಂದು ತುಂಡು ಹೆಚ್ಚಾಗಿಯೇ.

ಕಿರಿಯಳು: ಆಂಟಿಯ ಮಾತು ಕೇಳಿ ನಾನು ಓದಿದ ಒಬ್ಬರ ನೆನಪಾಯ್ತು. ಬ್ರದರ್ ಲಾರೆನ್ಸ್, ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಯವರು. ಮೊದಲು ಸೈನಿಕ, ಕಾಲು ಕುಂಟು. ಅಡುಗೆಮನೆಯ ಗದ್ದಲದಲ್ಲೂ ದೇವರ ಮುಂದೆ ಮೊಣಕಾಲೂರಿದ ಹಾಗೆಯೇ ಇರ್ತೇನೆ ಅನ್ನುವ ಅರ್ಥದಲ್ಲಿ ಹೇಳ್ತಿದ್ದರಂತೆ. 1691ರಲ್ಲಿ ತೀರಿಕೊಂಡ ಮೇಲೆ ಅವರ ಮಾತು, ಕಾಗದ ಸೇರಿಸಿ ಪುಸ್ತಕ ಮಾಡಿದರು. ನನ್ನ ಕೈ ತೊಳೆಯುವ ಪ್ರಾರ್ಥನೆ ಅಲ್ಲಿಂದ ಕದ್ದದ್ದು.

ಹಿರಿಯರು: ನಾನೂ ಓದಿದ್ದೇನೆ, ಮರೆಯಬೇಡ. ಎರಡು ವಿಷಯ ನೀನು ಬಿಟ್ಟೆ. ಅವರಿಗೆ ಅಡುಗೆ ಕೆಲಸ ಅಂದರೆ ಸ್ವಭಾವತಃ ಬೇಸರ. ಮತ್ತೆ, ಮೊದಲ ಹತ್ತು ವರ್ಷ ತುಂಬಾ ಕಷ್ಟಪಟ್ಟೆ ಅಂತ ಅವರೇ ಬರೆದಿದ್ದಾರೆ. ಹತ್ತು ವರ್ಷ! ಅಷ್ಟಲ್ಲದೆ ಆ ಅಡುಗೆಮನೆ ಇದ್ದದ್ದು ಮಠದೊಳಗೆ. ಸುತ್ತ ಗಂಟೆ ಹೊಡೀತಿತ್ತು, ಕೀರ್ತನೆ ಹಾಡ್ತಿದ್ದರು, ಊಟಕ್ಕೆ ಕೂತಾಗ ಓದು ಇತ್ತು. ಅವರ ಪಾತ್ರೆಯ ಪ್ರಾರ್ಥನೆಯನ್ನು ಹೊತ್ತು ನಿಂತದ್ದು ಆ ಕಟ್ಟಡ. ನಿನ್ನ ಐಸಿಯುವಿನ ಸುತ್ತ ಎಂತ ಉಂಟು? ಬಿಲ್ಲಿಂಗ್ ಕೌಂಟರು.

ಕಿರಿಯಳು: (ನಗುತ್ತಾ) ಮತ್ತೆ ಕ್ಯಾಂಟೀನು.

ಹಿರಿಯರು: ನಾನು ನಿನ್ನ ಕೈ ತೊಳೆಯುವ ಪ್ರಾರ್ಥನೆಯನ್ನು ಸಣ್ಣದು ಮಾಡ್ತಿಲ್ಲ. ಅದು ಎಷ್ಟು ದಿನ ಒಂಟಿಯಾಗಿ ನಿಲ್ಲಬಹುದು ಅಂತ ಕೇಳ್ತಿದ್ದೇನೆ. ಒಂದು ದಿನ ಅದು ಮತ್ತೆ ಬರೀ ಸೆಕೆಂಡು ಎಣಿಸುವುದಾಗ್ತದೆ. ಆಗ ನಿನಗೆ ಗೊತ್ತೂ ಆಗುವುದಿಲ್ಲ.

ಕಿರಿಯಳು: ಕೆಲವು ದಿನ ಈಗಲೇ ಹಾಗೆ ಆಗ್ತದೆ.

ಹಿರಿಯರು: ಇನ್ನು ನನಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಉಂಟು. ಕಿಟೆಲ್. ಸುವಾರ್ತೆ ಸಾರಲಿಕ್ಕೆ ಅಂತ ಬಂದ ಮನುಷ್ಯ. ಬಂದು ಮಾಡ್ತಾ ಕೂತದ್ದು ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯ್ತು, ಸುಮಾರು ಎಪ್ಪತ್ತು ಸಾವಿರ ಪದ. ವರ್ಷಗಟ್ಟಲೆ ಹಳಗನ್ನಡ ಕಾವ್ಯ, ತಾಳೆಗರಿ. ಪಾಠ ಮಾಡುವಾಗೆಲ್ಲ ನಾನು ಯೋಚಿಸ್ತಿದ್ದೆ. ಒಂದು ಪದದ ಅರ್ಥ ಹುಡುಕ್ತಾ ರಾತ್ರಿ ಕಳೆಯುವಾಗ ಆ ಮನುಷ್ಯ ಕ್ರಿಸ್ತನಿಗೆ ಹತ್ತಿರ ಇದ್ದನಾ, ದೂರ ಹೋಗಿದ್ದನಾ?

ಕಿರಿಯಳು: ಹತ್ತಿರ ಅಂತ ನನಗನಿಸ್ತದೆ.

ಹಿರಿಯರು: ನನಗೂ ಹಾಗೇ ಆಸೆ. ಆದರೆ ಆಸೆಗೂ ಅನಿಸಿಕೆಗೂ ವ್ಯತ್ಯಾಸ ಉಂಟು. ಕೆಲಸದ ಮೋಹವೂ ಭಕ್ತಿಯ ಹಾಗೇ ಕಾಣ್ತದೆ. ಹೊರಗಿನಿಂದ ಮಾತ್ರ ಅಲ್ಲ, ಒಳಗಿನಿಂದಲೂ. ಅದಕ್ಕೇ ಕೆಲಸವನ್ನು ಒಮ್ಮೆ ಕೆಳಗಿಟ್ಟು ನೋಡಬೇಕು. ಇಡಲಿಕ್ಕೆ ಆಗ್ತದಾ ಇಲ್ವಾ ಅಂತಾದರೂ ಗೊತ್ತಾಗ್ತದೆ. ಒಂದು ತಾಸು ಬೇಡ, ಹತ್ತು ನಿಮಿಷ. ಡ್ಯೂಟಿ ಮುಗಿಸಿ ಬಂದು, ಫೋನು ದೂರ ಇಟ್ಟು, ಸುಮ್ಮನೆ ಕೂತುಕೊಳ್ಳಲಿಕ್ಕೆ ಎಂತ ಕಷ್ಟ?

ಕಿರಿಯಳು: ಅದೇ ಕಷ್ಟ ದೊಡ್ಡಪ್ಪ. ನಿಮಗೆ ಬೆಳಗ್ಗಿನ ಮೌನ ಅಂದರೆ ತಣ್ಣಗೆ ಇರ್ತದೆ. ನಾನು ಸುಮ್ಮನೆ ಕೂತರೆ ಮುಖಗಳು ಬರ್ತವೆ. ಟ್ಯೂಬ್ ತೆಗೆಯುವಾಗ ನೋಡಿದ ಮುಖ. ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿಯ ಮುಖ, ಒಳಗೆ ಆದದ್ದು ಇನ್ನೂ ಅವಳಿಗೆ ಗೊತ್ತಿಲ್ಲ. ಅದಕ್ಕೇ ರೀಲ್ಸ್ ನೋಡ್ತಾ ನೋಡ್ತಾ ನಿದ್ದೆ ಹೋಗ್ತೇನೆ. ಸಮಯ ಇಲ್ಲ ಅಂದದ್ದು ಅರ್ಧ ನಿಜ. ಸಮಯ ಸಿಕ್ಕಿದಾಗ ಹೆದರಿಕೆ ಆಗ್ತದೆ.

ಹಿರಿಯರ ಬಾಯಿಗೆ ಒಂದು ಉತ್ತರ ಬಂದಿತ್ತು. ಆ ಹೆದರಿಕೆಯನ್ನೇ ಅವನ ಮುಂದೆ ಇಡು, ಅಂಥದ್ದು ಏನೋ. ಸಭೆಯಲ್ಲಿ ಸಾಕ್ಷಿ ಹೇಳುವವರು ಅದನ್ನೇ ಹೇಳುತ್ತಾರೆ, ತಪ್ಪೂ ಅಲ್ಲ. ಆದರೆ ಎದುರಿಗಿದ್ದವಳು ರಾತ್ರಿಪಾಳಿಗಳಲ್ಲಿ ಅಷ್ಟನ್ನು ಕಂಡು ಬಂದವಳು. ಅವರು ಆ ಮಾತನ್ನು ನುಂಗಿಕೊಂಡದ್ದು ಒಳ್ಳೆಯದೇ ಆಯಿತು.

ಹಿರಿಯರು: ಎಲೀಯ ಹೆದರಿ ಓಡಿಹೋಗಿ, ಸಾಯ್ತೇನೆ ಅಂತ ಗಿಡದ ಕೆಳಗೆ ಮಲಗಿದ್ದ. ದೂತ ಬಂದು ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವೇ ಕೊಟ್ಟ. ದೇವರ ಮಾತು ಎಷ್ಟೋ ದಿನದ ಮೇಲೆ, ಬೆಟ್ಟದಲ್ಲಿ. ನಿನ್ನ ದೊಡ್ಡಮ್ಮ ಬೆಳಗ್ಗೆ ಮಲಗಲಿ ಬಿಡಿ ಅಂದದ್ದು ಸರಿಯೇ.

ಕಿರಿಯಳು: ಅದನ್ನು ದೊಡ್ಡಮ್ಮನಿಗೂ ಹೇಳಿ.

ಹಿರಿಯರು: ಹೇಳುವ. ಇನ್ನೊಂದು. ಕೀರ್ತನೆ ಎಂಬತ್ತೆಂಟು ಓದಿದ್ದೀಯಾ? ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗಾದರೂ ಸ್ತೋತ್ರಕ್ಕೆ ಬಂದು ಮುಟ್ಟುತ್ತವೆ. ಅದು ಮುಟ್ಟುವುದಿಲ್ಲ. ಕತ್ತಲಲ್ಲೇ ನಿಂತುಬಿಡ್ತದೆ.

ಕಿರಿಯಳು: ಸಭೆಯಲ್ಲಿ ಯಾರೂ ಓದಿದ್ದು ಕೇಳಿಲ್ಲ.

ಹಿರಿಯರು: ಓದುವುದಿಲ್ಲ. ನಾನೂ ವಾಟ್ಸಾಪಿನಲ್ಲಿ ಕಳಿಸಿಲ್ಲ. ಗುಲಾಬಿ ಹೂವಿಗೆ ಹೊಂದುವುದಿಲ್ಲ.

ಕಿರಿಯಳು: ಕಳಿಸಿ ಒಮ್ಮೆ. ಹೂವಿಲ್ಲದೆ.

ಹಿರಿಯರು: ಆಯ್ತು. ಆ ಮುಖಗಳದ್ದು ಹೆಸರು ನೆನಪುಂಟಾ ನಿನಗೆ?

ಕಿರಿಯಳು: ಕೆಲವರದ್ದು.

ಹಿರಿಯರು: ಬರೆದುಕೊಡು. ನಿನಗೆ ಅವರೊಟ್ಟಿಗೆ ಒಬ್ಬಳೇ ಕೂತುಕೊಳ್ಳಲಿಕ್ಕೆ ಆಗದಿದ್ದರೆ ಐದು ಗಂಟೆಗೆ ನಾನು ಕೂತುಕೊಳ್ತೇನೆ. ನನಗೆ ಹೇಗೂ ನಿದ್ದೆ ಬರುವುದಿಲ್ಲ.

ಕಿರಿಯಳು: ಹೆಸರು ಕೊಡುವ ಹಾಗಿಲ್ಲ ದೊಡ್ಡಪ್ಪ. ರೋಗಿಗಳ ವಿಷಯ ಹೊರಗೆ ಹೇಳಬಾರದು. ನಿಯಮ.

ಹಿರಿಯರು: ಪ್ರಾರ್ಥನೆಗೂ?

ಕಿರಿಯಳು: ಪ್ರಾರ್ಥನೆಗೂ.

ಹಿರಿಯರು: ಹಾಗಾದರೆ ಹಾಸಿಗೆ ನಂಬರು ಕೊಡು.

ಕಿರಿಯಳು: ಅದರಲ್ಲಿ ವಾರಕ್ಕೆ ಮೂವರು ಬದಲಾಗ್ತಾರೆ.

ಹಿರಿಯರು: ಬದಲಾಗಲಿ. ಈ ಸಲ ಯಾರು ಅಂತ ನನಗೆ ಗೊತ್ತಿರಬೇಕಂತ ಇಲ್ಲವಲ್ಲ. ಮತ್ತಾಯನ ಇಪ್ಪತ್ತೈದು ನೀನೇ ಹೇಳಿದ್ದು.

ಕಿರಿಯಳು: ಅದು ಹೋಗಿ ನೋಡಿದವರಿಗೆ ಹೇಳಿದ್ದು, ಮನೆಯಲ್ಲಿ ಕೂತವರಿಗಲ್ಲ. ನಂಬರು ಕೊಡ್ತೇನೆ. ಆದರೆ ನಾನು ಹೊರಡುವ ಮುಂಚೆ ನೀವು ನನ್ನೊಟ್ಟಿಗೆ ಆ ಅಜ್ಜನನ್ನು ನೋಡಲಿಕ್ಕೆ ಬರಬೇಕು. ಎಂತ ಮಾತಾಡುವುದು ಅಂತ ಗೊತ್ತಿಲ್ಲದಿದ್ದರೆ ಮಾತಾಡಬೇಡಿ. ಬಾಗಿಲ ಹತ್ತಿರ ರಬ್ ಇಟ್ಟಿರ್ತಾರೆ, ಹೇಗೆ ಉಜ್ಜುವುದು ಅಂತ ತೋರಿಸಿಕೊಡ್ತೇನೆ. ನಾಳೆ ಬುಧವಾರ?

ಹಿರಿಯರು: ಬುಧವಾರ ಸಂಜೆ ಪ್ರಾರ್ಥನಾಕೂಟ ಉಂಟಲ್ಲ.

ಕಿರಿಯಳು: ಗುರುವಾರ?

ಹಿರಿಯರು: ಗುರುವಾರ ಕಮಿಟಿಯ ಲೆಕ್ಕಪತ್ರ. ಬುಧವಾರ ಬೆಳಗ್ಗೆ ಹೋದರೆ ಒಳಗೆ ಬಿಡ್ತಾರಾ?